ಮೊದಲು ದೂರ ಅಳೆಯಿರಿ: ಜಪಾನಿನ ಮರದಚ್ಚು ಚಿತ್ರಗಳ ಯಾವ ಪ್ರತಿ ಯಾವ ಗೋಡೆಗೆ

ಜಪಾನಿನ ಕಲಾವಿದ ಹೊಕುಸಾಯ್ ರಚಿಸಿದ ಮರದಚ್ಚು ಚಿತ್ರ 'ಕನಗಾವಾದ ಮಹಾ ಅಲೆ' ಎಷ್ಟು ದೊಡ್ಡದಿರಬಹುದು ಎಂದು ಕೇಳಿದರೆ ಹೆಚ್ಚಿನವರು ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ಅದು ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲದ ಹಾಳೆ. ಎ3 ಕಾಗದಕ್ಕಿಂತ ಚಿಕ್ಕದು. 1831ರ ಸುಮಾರಿಗೆ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಇಂಥ ಹಾಳೆಯೊಂದರ ಬೆಲೆ ಒಂದೆರಡು ಬಟ್ಟಲು ಸೋಬಾ ಶಾವಿಗೆಯಷ್ಟು. ಕೊಂಡವರು ಹೆಚ್ಚಾಗಿ ಅದನ್ನು ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು, ಕಾಗದದ ಬಾಗಿಲಿನಿಂದ ಸೋಸಿ ಬರುವ ಬೆಳಕಿನಲ್ಲೋ ಎಣ್ಣೆದೀಪದಲ್ಲೋ ನೋಡುತ್ತಿದ್ದರು.

ಮನೆಗೆ ಉಕಿಯೊ-ಎ, ಅಂದರೆ ಇಂಥ ಜಪಾನೀ ಮರದಚ್ಚು ಚಿತ್ರದ ಪ್ರತಿ ಕೊಳ್ಳುವವರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಇದನ್ನೇ. ಚಿತ್ರ ಯಾವುದು, ಬೆಲೆ ಎಷ್ಟು ಎಂಬುದಕ್ಕಿಂತ ಮೊದಲು ಟೇಪು ತೆಗೆದುಕೊಂಡು ಗೋಡೆಗೂ ನೀವು ನಿಲ್ಲುವ ಅಥವಾ ಕೂರುವ ಜಾಗಕ್ಕೂ ಇರುವ ದೂರ ಅಳೆಯಿರಿ. ಓಡಾಡುವ ಪಡಸಾಲೆ, ಓದುವ ಮೇಜಿನ ಎದುರು, ಮೆಟ್ಟಿಲ ತಿರುವು ಇಂಥಲ್ಲೆಲ್ಲ ಕಣ್ಣು ಚಿತ್ರದಿಂದ ಒಂದು ಮೀಟರ್ ಒಳಗೇ ಇರುತ್ತದೆ. ಸೋಫಾದ ಎದುರಿನ ಗೋಡೆ ಮೂರು ಮೀಟರ್ ದೂರ. ಇವೆರಡಕ್ಕೂ ಒಂದೇ ಬಗೆಯ ಪ್ರತಿ ಹೊಂದುವುದಿಲ್ಲ. ಹತ್ತು ವರ್ಷದಲ್ಲಿ ನಾನು ಅಗ್ಗದ್ದು, ನಡುವಿನದ್ದು, ದುಬಾರಿಯದ್ದು ಮೂರನ್ನೂ ತಂದು ತೂಗುಹಾಕಿದ್ದೇನೆ. ಕೊನೆಗೆ ಉಳಿದುಕೊಂಡವೆಲ್ಲ ದೂರಕ್ಕೆ ತಕ್ಕಂತೆ ಆರಿಸಿದವೇ.

ಮೂಲ ಹೇಗೆ ಆಗುತ್ತಿತ್ತು

ಪ್ರತಿಗಳನ್ನು ಹೋಲಿಸಬೇಕಾದರೆ ಮೂಲದಲ್ಲಿ ಏನಿತ್ತು ಎಂದು ಗೊತ್ತಿರಬೇಕು. ಒಂದು ಮರದಚ್ಚು ಚಿತ್ರದ ಹಿಂದೆ ನಾಲ್ವರಿದ್ದರು: ಚಿತ್ರ ಬರೆಯುವವ, ಹಲಗೆ ಕೆತ್ತುವವ, ಅಚ್ಚೊತ್ತುವವ, ಇವರನ್ನೆಲ್ಲ ಕೂಡಿಸಿ ಹಣ ಹೂಡುವ ಪ್ರಕಾಶಕ. ಹಲಗೆ ಕಾಡುಚೆರ್ರಿಯದು, ಗಟ್ಟಿ ಮರ. ಕಪ್ಪು ಗೆರೆಗೊಂದು ಹಲಗೆ, ಬಣ್ಣಬಣ್ಣಕ್ಕೂ ಬೇರೆ ಹಲಗೆ. ಹಲಗೆಯ ಮೂಲೆಯಲ್ಲಿ ಕೆತ್ತಿದ 'ಕೆಂತೊ' ಎಂಬ ಗುರುತಿಗೆ ಹಾಳೆಯ ಅಂಚನ್ನು ತಾಗಿಸಿದರೆ ಪ್ರತಿ ಬಣ್ಣವೂ ಕೂದಲೆಳೆ ತಪ್ಪದೆ ತನ್ನ ಜಾಗಕ್ಕೆ ಬೀಳುತ್ತದೆ. ಯಂತ್ರವಿಲ್ಲ; ಬಿದಿರಿನ ಹೊರಪೊರೆ ಸುತ್ತಿದ 'ಬರೆನ್' ಎಂಬ ಚಪ್ಪಟೆ ಬಿಲ್ಲೆಯಿಂದ ಹಾಳೆಯ ಬೆನ್ನನ್ನು ಉಜ್ಜುತ್ತಾರೆ. ಕಾಗದ ಕೊಝೊ ಗಿಡದ ನಾರಿನದು. ನಮ್ಮ ರೇಷ್ಮೆ ಸೀಮೆಯ ಹಿಪ್ಪುನೇರಳೆಯ ಕುಟುಂಬದ್ದೇ ಈ ಗಿಡ. ಉದ್ದನೆಯ ನಾರು, ಬಲವಾದರೂ ಮೆತ್ತಗಿನ ಹಾಳೆ. ಬಣ್ಣ ಅದರ ಮೇಲೆ ಕೂರುವುದಿಲ್ಲ, ಒಳಕ್ಕೆ ಇಳಿಯುತ್ತದೆ.

ಇದರಿಂದ ಮೂರು ಗುಣಗಳು ಬರುತ್ತವೆ. ಬಣ್ಣ ಕಾಗದದೊಳಗೆ ನೆಟ್ಟಂತಿರುತ್ತದೆ, ಅಲ್ಲಲ್ಲಿ ಮರದ ಎಳೆ ಕಾಣುತ್ತದೆ. ಒತ್ತಡಕ್ಕೆ ಹಾಳೆ ಸಣ್ಣಗೆ ತಗ್ಗಿ ಗೆರೆಗಳಿಗೆ ಆಳ ಬರುತ್ತದೆ. ಮೂರನೆಯದು 'ಬೊಕಾಶಿ': ಅಚ್ಚೊತ್ತುವವನು ಹಲಗೆಯ ಮೇಲೆ ಬಣ್ಣವನ್ನು ಕೈಯಾರೆ ಹರಡಿ ದಟ್ಟದಿಂದ ತಿಳಿಗೆ ಜಾರಿಸುವ ಕುಶಲತೆ. ಹಿರೊಶಿಗೆ ಎಂಬ ಕಲಾವಿದನ ಆಕಾಶಗಳೆಲ್ಲ ಈ ಕೈಚಳಕದಿಂದಲೇ ಬದುಕಿವೆ.

ಈಗ ಯಾವ ಪ್ರತಿಯಲ್ಲಿ ಇವುಗಳಲ್ಲಿ ಎಷ್ಟು ಉಳಿಯುತ್ತದೆ ನೋಡೋಣ.

ಆಫ್‌ಸೆಟ್ ಪೋಸ್ಟರ್

ಕೆಲವು ನೂರು ರೂಪಾಯಿಗೆ ಸಿಗುವುದು ಇದು. ನುಣುಪು ಕಾಗದ, ನಾಲ್ಕು ಶಾಯಿಯ ಚುಕ್ಕಿಗಳು. ಭೂತಗನ್ನಡಿ ಹಿಡಿದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಹೂವಿನಾಕಾರದಲ್ಲಿ ಕೂತಿರುವುದು ಕಾಣುತ್ತದೆ. ಮೇಲಿನ ಮೂರು ಗುಣಗಳಲ್ಲಿ ಒಂದೂ ಇಲ್ಲ. ಆದರೂ ಇದನ್ನು ತಳ್ಳಿಹಾಕುವುದು ಸರಿಯಲ್ಲ. ಮೂರು ಮೀಟರ್ ದೂರದಲ್ಲಿ ಉಳಿಯುವುದು ವಿನ್ಯಾಸ ಮಾತ್ರ. ವಿನ್ಯಾಸದಲ್ಲೇ ಗೆಲ್ಲುವ ಚಿತ್ರಗಳಿವೆ: ಹೊಕುಸಾಯ್‌ನ ಮಹಾ ಅಲೆ, ಅವನದೇ ಕೆಂಪು ಫೂಜಿ ಬೆಟ್ಟ, ಹಿರೊಶಿಗೆಯ ಬೃಹತ್ ಪ್ಲಮ್ ಕೊಂಬೆ. ಮಕ್ಕಳ ಕೋಣೆ, ಬಾಡಿಗೆ ಮನೆ, ಆಗಾಗ ಬದಲಿಸುವ ಗೋಡೆ ಇವಕ್ಕೆಲ್ಲ ಪೋಸ್ಟರ್ ಸಾಕು. ದೊಡ್ಡ ಅಳತೆಗೆ ಹಿಗ್ಗಿಸುವುದಿದ್ದರೆ ಗೆರೆ ಗಟ್ಟಿಯಾಗಿರುವ ಚಿತ್ರವನ್ನೇ ಆರಿಸಿ. ಮಂಜು, ಮುಸ್ಸಂಜೆ, ಹಿಮದ ಚಿತ್ರಗಳು ಹಿಗ್ಗಿದಾಗ ಕೊಳೆಯಾದ ಬೂದು ಬಣ್ಣಕ್ಕೆ ತಿರುಗುತ್ತವೆ.

ಕ್ಯಾನ್ವಾಸಿನ ಮೇಲೆ ಮುದ್ರಿಸಿ ಮರದ ಚೌಕಕ್ಕೆ ಬಿಗಿದ ಪ್ರತಿಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಇವು ಕಾಗದದ ಚಿತ್ರಗಳು. ಬಟ್ಟೆಯ ನೇಯ್ಗೆ ಹೊಕುಸಾಯ್‌ನ ಗೆರೆಯನ್ನು ತುಂಡರಿಸುತ್ತದೆ, ಚಿತ್ರದ ಅಂಚು ಮಡಿಚಿ ಬದಿಗೆ ಹೋಗುತ್ತದೆ.

ಜಿಕ್ಲೇ ಮುದ್ರಣ

ಪಿಗ್‌ಮೆಂಟ್ ಶಾಯಿಯ ಇಂಕ್‌ಜೆಟ್‌ನಲ್ಲಿ ಹತ್ತಿಯ ನಾರಿನ ದಪ್ಪ ಕಾಗದದ ಮೇಲೆ ಮಾಡುವ ಮುದ್ರಣವಿದು. ಸಾವಿರ ರೂಪಾಯಿಯ ಮೇಲೆ ಶುರು. ಬಣ್ಣ ಜಾರುವ ಜಾಗಗಳು ಪೋಸ್ಟರ್‌ಗಿಂತ ಎಷ್ಟೋ ನಯವಾಗಿ ಬರುತ್ತವೆ, ಶಾಯಿ ಬೇಗ ಮಾಸುವುದಿಲ್ಲ. ಒಂದೂವರೆ ಮೀಟರ್ ದೂರಕ್ಕೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಇಲ್ಲ.

ಇದರ ದೊಡ್ಡ ಅನುಕೂಲವೆಂದರೆ ಮೂಲದ ಕಡತವನ್ನು ನೀವೇ ಆರಿಸಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸುವಂತೆ ತೆರೆದಿಟ್ಟಿತು. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಲ್ಲಿ ಹಾಗೆಯೇ ಮಾಡಿತು. ಎರಡರಲ್ಲೂ ಉಕಿಯೊ-ಎ ರಾಶಿಯಿದೆ. ಲೆಕ್ಕ ಸುಲಭ: ಮೂಲದ ಅಳತೆಯಲ್ಲೇ, ಅಂದರೆ ಸುಮಾರು 26 × 38 ಸೆಂಟಿಮೀಟರ್‌ನಲ್ಲಿ, ಒಂದು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು ಉದ್ದದ ಬದಿಯಲ್ಲಿ 4,500 ಪಿಕ್ಸೆಲ್ ಇದ್ದರೆ ಸಾಕು. ಎ2 ಅಳತೆಗೆ ಹಿಗ್ಗಿಸಿದರೆ ಅದೇ ಕಡತ ಇಂಚಿಗೆ 200ಕ್ಕಿಂತ ಕೆಳಗಿಳಿಯುತ್ತದೆ; ದೂರದಿಂದ ಚೆನ್ನ, ಹತ್ತಿರದಿಂದ ಗೆರೆ ಮೆದು.

ಮುದ್ರಣದ ಅಂಗಡಿಗೆ ಕೊಡುವಾಗ ಒಂದು ಮಾತು ಬರೆದುಕೊಡಿ: 'ಯಾವ ಬದಿಯನ್ನೂ ಕತ್ತರಿಸಬಾರದು.' ನಾನು ಮೊದಲ ಸಲ ಮಾಡಿಸಿದ ಹಿರೊಶಿಗೆಯ ಚಿತ್ರವನ್ನು ಅಂಗಡಿಯವರು ಸಿದ್ಧ ಚೌಕಟ್ಟಿನ ಅಳತೆಗೆ ಹೊಂದಿಸಲು ಎಡಬದಿಯಲ್ಲಿ ಒಂದು ಬೆರಳಗಲ ಕತ್ತರಿಸಿಬಿಟ್ಟಿದ್ದರು. ಹೋದದ್ದು ಪ್ರಕಾಶಕನ ಮುದ್ರೆ. ಆ ಹಾಳೆಯಲ್ಲಿ ಅಂಚೂ ಚಿತ್ರವೇ, ಸಹಿ-ಮುದ್ರೆಗಳೂ ವಿನ್ಯಾಸದ ಭಾಗವೇ. ನೂರೈವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಕಟ್ಟಿನ ಅಳತೆಗಾಗಿ ಕಳೆಯಬಾರದು.

ಕೈಯಿಂದ ಕೆತ್ತಿ ಅಚ್ಚೊತ್ತಿದ ಪ್ರತಿ

ಇದನ್ನು ಜಪಾನಿನಲ್ಲಿ 'ಫುಕ್ಕೊಕು' ಎನ್ನುತ್ತಾರೆ. ಒಳ್ಳೆಯ ಹಳೆಯ ಮುದ್ರಣವೊಂದನ್ನು ಮುಂದಿಟ್ಟುಕೊಂಡು ಹೊಸದಾಗಿ ಹಲಗೆಗಳನ್ನು ಕೆತ್ತಿ, ಅದೇ ಜಾತಿಯ ಕಾಗದದ ಮೇಲೆ ಬರೆನ್‌ನಿಂದ ಉಜ್ಜಿ ತೆಗೆಯುವ ಪ್ರತಿ. 1928ರಲ್ಲಿ ಶುರುವಾದ ಟೋಕಿಯೊದ ಅದಾಚಿ ಸಂಸ್ಥೆ, 1891ರಿಂದಿರುವ ಕ್ಯೋಟೊದ ಉನ್ಸೊದೊ ಈ ಕೆಲಸದಲ್ಲಿ ಹೆಸರಾದವು. ಸಾಗಣೆ, ಸುಂಕ ಸೇರಿದರೆ ಒಂದು ಹಾಳೆ ಹತ್ತು ಸಾವಿರ ರೂಪಾಯಿ ದಾಟುತ್ತದೆ.

ಇಷ್ಟು ಕೊಡಬೇಕೇ? ಗೋಡೆ ಮೂರು ಮೀಟರ್ ದೂರದಲ್ಲಿದ್ದರೆ ಬೇಡ. ಅಲ್ಲಿಂದ ನೀವು ಕೊಟ್ಟ ದುಡ್ಡಿನ ಮುಕ್ಕಾಲು ಪಾಲು ಕಣ್ಣಿಗೆ ಬೀಳುವುದೇ ಇಲ್ಲ. ದಿನಾ ಹಾದುಹೋಗುವ ಪಡಸಾಲೆಯಾದರೆ ಖಂಡಿತ ಕೊಡಿ. ನಮ್ಮ ಮನೆಯ ಮಲಗುವ ಕೋಣೆಯ ಹೊರಗೆ ಹಿರೊಶಿಗೆಯ 1857ರ 'ಶಿನ್-ಒಹಾಶಿ ಸೇತುವೆಯ ಮೇಲೆ ದಿಢೀರ್ ಮಳೆ' ಇದೆ. ಮಳೆಯ ಗೆರೆಗಳಿಗೆ ಎರಡು ಹಲಗೆ. ಒಂದರ ಓರೆಗೂ ಇನ್ನೊಂದರ ಓರೆಗೂ ಚೂರೇ ವ್ಯತ್ಯಾಸ, ಒಂದು ತಿಳಿ, ಒಂದು ದಟ್ಟ. ಆ ಎರಡು ಓರೆ ಸೇರಿದ ಕಡೆ ಮಳೆ ನಿಜಕ್ಕೂ ಬೀಸುತ್ತದೆ. ಮೇಲಿನ ಕರಿಮೋಡಕ್ಕೆ ಹಲಗೆಯಲ್ಲಿ ಆಕಾರವೇ ಕೆತ್ತಿರುವುದಿಲ್ಲ, ಅಚ್ಚೊತ್ತುವವನು ಬಣ್ಣ ಹರಡಿದಂತೆ ಮೋಡ. ಹಾಗಾಗಿ ಪ್ರತಿ ಹಾಳೆಯ ಮೋಡವೂ ಬೇರೆ. ಇದೇ ಚಿತ್ರವನ್ನು ವ್ಯಾನ್ ಗಾಗ್ 1887ರಲ್ಲಿ ಪ್ಯಾರಿಸಿನಲ್ಲಿ ಕೂತು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಅವನ ಬಳಿಯೂ ಇದ್ದದ್ದು ಕೈಯಲ್ಲಿ ಹಿಡಿದು ನೋಡುವ ಹಾಳೆಗಳೇ.

ಕೊಳ್ಳುವಾಗ ಒಂದು ಪರೀಕ್ಷೆ: ಹಾಳೆಯನ್ನು ತಿರುವಿ ನೋಡಿ, ಇಲ್ಲವೇ ಬೆನ್ನಿನ ಫೋಟೊ ಕೇಳಿ. ಕೈಯಚ್ಚಾದರೆ ಬಣ್ಣ ಹಿಂದಕ್ಕೆ ಒಸರಿರುತ್ತದೆ, ಬರೆನ್ ಸುತ್ತಿದ ಗುರುತು ಕಾಣುತ್ತದೆ. ಬೆನ್ನು ಅಪ್ಪಟ ಬಿಳಿಯಾಗಿದ್ದು ಮುಂದೆ ಚುಕ್ಕಿಗಳಿದ್ದರೆ ಅದು ಜಪಾನೀ ಕಾಗದದ ಮೇಲಿನ ಯಂತ್ರಮುದ್ರಣ. 'ಮರದಚ್ಚು ಶೈಲಿ' ಎಂಬ ಮಾತಿಗೂ 'ಮರದಚ್ಚು' ಎಂಬ ಮಾತಿಗೂ ಬೆಲೆಯಲ್ಲಿ ಇಪ್ಪತ್ತು ಪಟ್ಟು ಅಂತರವಿದೆ.

ನಾಲ್ಕನೆಯ ಬಗೆಯೊಂದಿದೆ: ಮೂಲ ಹಲಗೆಗಳಿಂದಲೇ ಆಮೇಲೆ ತೆಗೆದ ಮುದ್ರಣ. ಇಪ್ಪತ್ತನೆಯ ಶತಮಾನದ 'ಶಿನ್-ಹಂಗ', ಅಂದರೆ 'ಹೊಸ ಮುದ್ರಣ' ಚಿತ್ರಗಳಲ್ಲಿ ಇದು ಸಾಮಾನ್ಯ. ಆ ಬಗೆಯ ಕಲಾವಿದ ಯೊಶಿದಾ ಹಿರೊಶಿಯ (1876–1950) ಹಾಳೆಗಳ ಅಂಚಿನಲ್ಲಿ 'ಜಿಝುರಿ' ಎಂಬ ಮುದ್ರೆ ಇದ್ದರೆ ಅವರ ಕಣ್ಣಳತೆಯಲ್ಲೇ ಮುದ್ರಣವಾಯಿತೆಂದು ಅರ್ಥ. ತೀರಿಕೊಂಡ ಮೇಲೆ ತೆಗೆದವಕ್ಕೆ ಆ ಮುದ್ರೆಯಿಲ್ಲ, ಬೆಲೆಯೂ ಕಡಿಮೆ. ಸಂಗ್ರಹಕಾರರಿಗೆ ಇದು ದೊಡ್ಡ ವಿಷಯ, ಗೋಡೆಗೆ ಬೇಕಾದವರಿಗೆ ಅನುಕೂಲ.

ಯಾವ ಕಲಾವಿದನಿಗೆ ಯಾವ ಪ್ರತಿ

ಇಲ್ಲೇ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು. ಚಿತ್ರ ಮೆಚ್ಚಿಕೊಂಡು, ಸಿಕ್ಕ ಪ್ರತಿ ತಂದು, 'ಪುಸ್ತಕದಲ್ಲಿ ಕಂಡ ಹಾಗಿಲ್ಲವಲ್ಲ' ಎಂದು ಬೇಸರ ಮಾಡಿಕೊಳ್ಳುತ್ತಾರೆ.

ಶರಾಕು 1794–95ರಲ್ಲಿ ಸುಮಾರು ಹತ್ತು ತಿಂಗಳು ಮಾತ್ರ ಕೆಲಸ ಮಾಡಿ ಮರೆಯಾದ ಕಲಾವಿದ. ಅವನ ಕಬುಕಿ ನಾಟಕದ ನಟರ ದೊಡ್ಡ ಮುಖಗಳ ಹಿಂದೆ ಇರುವ ಕಪ್ಪು ಬರೀ ಬಣ್ಣವಲ್ಲ, ಅಭ್ರಕದ ಪುಡಿ. ಹಾಳೆ ಅಲುಗಿದರೆ ಮಿನುಗುತ್ತದೆ, ನಟ ದೀಪದ ಮುಂದೆ ಬಂದು ನಿಂತಂತಾಗುತ್ತದೆ. ಪೋಸ್ಟರಿನಲ್ಲಿ ಅದು ಸತ್ತ ಬೂದು. ಜಿಕ್ಲೇಯಲ್ಲೂ ಅಷ್ಟೇ. ಶರಾಕುವನ್ನು ತಂದರೆ ಕೈಯಚ್ಚಿನಲ್ಲೇ ತನ್ನಿ, ಇಲ್ಲದಿದ್ದರೆ ಬಿಡಿ. 1765ರಲ್ಲಿ ಬಹುವರ್ಣದ ಮುದ್ರಣಕ್ಕೆ ದಾರಿ ಮಾಡಿಕೊಟ್ಟ ಹರುನೊಬುವಿನದೂ ಇದೇ ಕಥೆ: ಅವನಲ್ಲಿ ಹಿಮ, ಬಿಳಿ ಬಟ್ಟೆಯ ಮಡಿಕೆಗಳು ಎಷ್ಟೋ ಕಡೆ ಬಣ್ಣವೇ ಇಲ್ಲದೆ ಬರೀ ಉಬ್ಬಿನಲ್ಲಿವೆ. ಯಂತ್ರದ ಪ್ರತಿಯಲ್ಲಿ ಆ ಜಾಗ ಖಾಲಿ.

ಕವಾಸೆ ಹಸುಯಿಗೆ (1883–1957) ಜಿಕ್ಲೇ ಒಗ್ಗುತ್ತದೆ. ಅವರ ಚಿತ್ರಗಳು ಒಂದರ ಮೇಲೊಂದು ಹಲವಾರು ಸಲ ಅಚ್ಚೊತ್ತಿದ ಮೃದುವಾದ ಪದರಗಳು. 1925ರ ಝೊಜೊ-ಜಿ ದೇವಾಲಯದ ಹಿಮದ ಚಿತ್ರದಲ್ಲಿ ಕೆಂಪು ದ್ವಾರದ ಮುಂದೆ ಕೊಡೆ ಹಿಡಿದು ಬಾಗಿ ನಡೆಯುವ ಹೆಂಗಸೊಬ್ಬಳು. ಒಳ್ಳೆಯ ಇಂಕ್‌ಜೆಟ್ ಆ ಪದರಗಳನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಮೊದಲ ಸಲ ಕೊಳ್ಳುವವರಿಗೆ, ಬೆಲೆ ನೋಡಿ ಕೊಳ್ಳುವವರಿಗೆ ನಾನು ಹೇಳುವುದು ಹಸುಯಿಯ ಜಿಕ್ಲೇಯನ್ನೇ. ಭಾರತದಲ್ಲಿ ಕಲಾವಿದ ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಉಳಿಯುವುದಿಲ್ಲ, ಆದ್ದರಿಂದ ಇಲ್ಲಿ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ.

ಯೊಶಿದಾ ಹಿರೊಶಿಯ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಅವರು 1930–31ರಲ್ಲಿ ಭಾರತ ಸುತ್ತಿದರು. ಉದಯಪುರದ ಸರೋವರದ ಅರಮನೆಗಳು, ಬೆಳದಿಂಗಳ ತಾಜ್, ಕಾಶಿಯ ಘಾಟು, ಮಧುರೆಯ ಗುಡಿಯೊಳಗಿನ ಕತ್ತಲು-ಬೆಳಕು ಎಲ್ಲವನ್ನೂ ಜಪಾನೀ ಹಲಗೆಗೆ ಇಳಿಸಿದರು. ಜಪಾನಿನ ಕಲೆ ಇಷ್ಟ, ಆದರೆ ಮನೆಯ ಹಿರಿಯರಿಗೂ ಮನಸ್ಸಿಗೆ ಹತ್ತಿರವಾಗಬೇಕು ಎನ್ನುವವರು ಇವನ್ನು ನೋಡಬೇಕು. ಮಧುರೆಯ ಕಂಬಗಳ ನಡುವೆ ಸೋರುವ ಬಿಸಿಲನ್ನು ನೋಡಿ ನನ್ನ ಅಮ್ಮ ಕೇಳಿದ್ದು ಒಂದೇ ಮಾತು: 'ಇವರು ನಮ್ಮ ಕಡೆ ಬಂದಿದ್ದರಾ?'

ಕುನಿಯೊಶಿಯ ಬೆಕ್ಕುಗಳು ಮಕ್ಕಳಿಗೆ ಹಬ್ಬ, ಪೋಸ್ಟರೇ ಸಾಕು. ಅವನ ದೈತ್ಯ ಅಸ್ಥಿಪಂಜರದ ಮೂರು ಹಾಳೆಗಳ ಚಿತ್ರ ಅದ್ಭುತ, ಆದರೆ ಮಲಗುವ ಕೋಣೆಗೆ ಬೇಡ. ಉತಮಾರೊನ ಸುಂದರಿಯರನ್ನು ತೂಗುಹಾಕುವ ಮೊದಲು ಅವರು ಯಾರೆಂದು ಓದಿಕೊಳ್ಳಿ. ಕೆಲವರು ಚಹಾದಂಗಡಿಯ ಹುಡುಗಿಯರು, ಬಹಳಷ್ಟು ಜನ ಎದೊ ನಗರದ ಯೊಶಿವಾರಾ ಕೇರಿಯ ವೇಶ್ಯಾಗೃಹಗಳಲ್ಲಿ ಒತ್ತೆಯಾಗಿ ಬದುಕಿದವರು. ಆ ಬದುಕು ಗೊತ್ತಿದ್ದು ನೋಡಿದರೆ ಮುಖದ ಮೌನ ಬೇರೆಯೇ ಆಗಿ ಕಾಣುತ್ತದೆ.

ಎರಡು ಬಾಗಿಲುಗಳ ನಡುವೆ ಉಳಿದ ಕಿರಿದಾದ ಗೋಡೆಗೆ ಏನು ಹಾಕುವುದೆಂದು ತಿಳಿಯದಿದ್ದರೆ 'ಹಶಿರಾ-ಎ' ಹುಡುಕಿ. ಸುಮಾರು 12 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಉದ್ದದ ಈ ಪಟ್ಟಿಗಳು ಮನೆಯ ಕಂಬಕ್ಕೆ ತೂಗುಹಾಕಲೆಂದೇ ಹುಟ್ಟಿದವು.

ಮಾಸಿದ ಬಣ್ಣವೇ, ಹೊಸ ಬಣ್ಣವೇ

ಸಂಗ್ರಹಾಲಯದ ಕಡತದಿಂದ ಮುದ್ರಿಸಿದರೆ ನಿಮಗೆ ಸಿಗುವುದು ವಯಸ್ಸಾದ ಹಾಳೆ: ಕಂದಿದ ಕಾಗದ, ಮಾಸಿದ ಕೆಂಪು, ಕೆಲವೊಮ್ಮೆ ಹುಳ ತಿಂದ ತೂತು. ಹೊಸದಾಗಿ ಕೆತ್ತಿದ ಪ್ರತಿಯಲ್ಲಿ ಹೊಸ ಹಾಳೆಯ ತಾಜಾತನ. ಯಾವುದು ನಿಜ? ಹೊಕುಸಾಯ್ ಬಳಸಿದ ಪ್ರಷ್ಯನ್ ನೀಲಿ ಬೆಳಕಿಗೆ ಗಟ್ಟಿ. ಅದಕ್ಕೇ ಅಲೆ ಇನ್ನೂ ಅಷ್ಟು ನೀಲಿ. ಆದರೆ ಅದೇ ಚಿತ್ರದ ಆಕಾಶದಲ್ಲಿದ್ದ ನಸುಗುಲಾಬಿ ಉಳಿದ ಎಷ್ಟೋ ಹಾಳೆಗಳಲ್ಲಿ ಅಳಿಸಿಹೋಗಿದೆ. ಹರುನೊಬುವಿನ ಕಾಲದಲ್ಲಿ ಹೂವಿನಿಂದ ತೆಗೆದ ನೀಲಿಯಂತೂ ಇಂದು ಹೆಚ್ಚಿನ ಕಡೆ ತಿಳಿಗಂದು. ಕೆಂಪು ಫೂಜಿಯ ಮೊದಮೊದಲ ಮುದ್ರಣಗಳಲ್ಲಿ ಬೆಟ್ಟ ಅಷ್ಟು ಕೆಂಪೇ ಅಲ್ಲ, ನಸುಗೆಂಪು.

ನನ್ನ ತೀರ್ಮಾನ ಹೀಗೆ: ಗೋಡೆ ಬಿಳಿ, ಮನೆ ಹೊಸದು, ಬೆಳಕು ಧಾರಾಳವಾಗಿದ್ದರೆ ಹೊಸ ಬಣ್ಣದ ಪ್ರತಿ. ಮರದ ಪೀಠೋಪಕರಣ, ಕೆಂಪು ನೆಲ, ಸುಣ್ಣದ ಗೋಡೆ ಇರುವ ಹಳೆಯ ಮನೆಗೆ ಮಾಸಿದ ಬಣ್ಣ ಕೂರುತ್ತದೆ. ಎರಡನ್ನೂ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಮಾತ್ರ ಹಾಕಬೇಡಿ. ಹಳೆಯದು ಕೊಳಕಾಗಿಯೂ ಹೊಸದು ಕಣ್ಣಿಗೆ ಹೊಡೆಯುವಂತೆಯೂ ಕಾಣುತ್ತದೆ.

ಕಟ್ಟು, ಬೆಳಕು, ತೇವ

ಕಟ್ಟು ಹಾಕಿಸುವಲ್ಲಿ ಲ್ಯಾಮಿನೇಶನ್ ಮಾಡಿ ಹಲಗೆಗೆ ಅಂಟಿಸಿಕೊಡುತ್ತೇವೆ ಎನ್ನುತ್ತಾರೆ. ಪೋಸ್ಟರಿಗಾದರೆ ಸರಿ. ಕೈಯಚ್ಚಿಗೆ ಅದು ಮರಣ. ಕೈಯಚ್ಚನ್ನು ಮೇಲಂಚಿನಲ್ಲಿ ಎರಡು ಕಡೆ ಮಾತ್ರ, ತೆಳು ಜಪಾನೀ ಕಾಗದದ ಪಟ್ಟಿಯಿಂದ ನೇತುಬಿಡಬೇಕು. ಹಾಳೆಗೆ ಉಸಿರಾಡಲು, ಹಿಗ್ಗಿ ಕುಗ್ಗಲು ಜಾಗ ಬೇಕು. ಸೆಲ್ಲೊಟೇಪು ಎಲ್ಲಿಯೂ ಬೇಡ. ಆಮ್ಲರಹಿತ ಮೌಂಟ್ ಬೋರ್ಡ್, ಅಂದರೆ ಕಟ್ಟಿನೊಳಗೆ ಚಿತ್ರದ ಸುತ್ತ ಕೂರುವ ರಟ್ಟು, ಕೇಳಿ. ಅಗ್ಗದ ಬೋರ್ಡು ಕೆಲವೇ ವರ್ಷದಲ್ಲಿ ಚಿತ್ರದ ಸುತ್ತ ಕಂದು ಗೆರೆ ಬಿಡುತ್ತದೆ. ಗಾಜು ಹಾಳೆಗೆ ತಾಗದಂತೆ ಮೌಂಟ್ ದಪ್ಪವಾಗಿರಲಿ. ಕಟ್ಟಿನ ಮರ ತೆಳುವಾಗಿ, ಕೆತ್ತನೆಯಿಲ್ಲದೆ, ಚಿನ್ನದ ಬಣ್ಣವಿಲ್ಲದೆ ಇರಲಿ.

ಸಂಗ್ರಹಾಲಯಗಳು ಇಂಥ ಹಾಳೆಗಳನ್ನು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಅದೂ ಕೆಲವು ತಿಂಗಳು ಮಾತ್ರ ತೋರಿಸುತ್ತವೆ. ನಮ್ಮ ಹಗಲಿನ ಹಜಾರದಲ್ಲಿ ಅದರ ಎಷ್ಟೋ ಪಟ್ಟು ಬೆಳಕಿರುತ್ತದೆ. ಬಿಸಿಲು ನೇರ ಬೀಳುವ ಗೋಡೆಗೆ ಪೋಸ್ಟರ್ ಬಿಟ್ಟು ಬೇರೇನೂ ಹಾಕಬೇಡಿ. ಅತಿನೇರಳೆ ತಡೆಯುವ ಅಕ್ರಿಲಿಕ್ ಹಾಕಿಸಿದರೆ ಮಾಸುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೆಳಕಿಗಿಂತ ತೇವ ದೊಡ್ಡ ಶತ್ರು. ಮಳೆಗೆ ಮುಖಮಾಡಿದ ಹೊರಗೋಡೆಯ ಒಳಬದಿಯಲ್ಲಿ ಕಾಗದದ ಚಿತ್ರ ತೂಗುಹಾಕಿದರೆ ಎರಡೇ ಮಳೆಗಾಲಕ್ಕೆ ಬೂಸ್ಟಿನ ಚುಕ್ಕಿ ಕಾಣಿಸುತ್ತದೆ. ಸಾಗರದ ನಮ್ಮ ಮನೆಯಲ್ಲಿ ಹಾಗೆಯೇ ಒಂದು ಹಾಳೆ ಹೋಯಿತು. ಒಳಗೋಡೆಯನ್ನೇ ಆರಿಸಿ, ಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಬೂಚಿನ ಸಣ್ಣ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ.

ಜಪಾನಿನ ಮನೆಗಳಲ್ಲಿ ತೊಕೊನೊಮಾ ಎಂಬ ಗೂಡಿನಲ್ಲಿ ತೂಗುವ ಸುರುಳಿಚಿತ್ರವನ್ನು ಋತುವಿಗೆ ತಕ್ಕಂತೆ ಬದಲಿಸುತ್ತಾರೆ. ಹಾಳೆಗೆ ವಿಶ್ರಾಂತಿಯೂ ಸಿಗುತ್ತದೆ, ಕಣ್ಣಿಗೆ ಹೊಸತೂ ಆಗುತ್ತದೆ. ನಾಲ್ಕು ಅಗ್ಗದ ಕಟ್ಟುಗಳ ಬದಲು ಹಿಂದಿನಿಂದ ಸುಲಭವಾಗಿ ಬಿಚ್ಚಬಹುದಾದ ಒಂದೇ ಒಳ್ಳೆಯ ಕಟ್ಟು ಮಾಡಿಸಿ, ಎಲ್ಲ ಹಾಳೆಗೂ ಒಂದೇ ಹೊರ ಅಳತೆಯ ಮೌಂಟ್ ಹಾಕಿಸಿಕೊಳ್ಳಿ. ನಮ್ಮಲ್ಲಿ ಜೂನ್ ಬಂತೆಂದರೆ ಹಿರೊಶಿಗೆಯ ಸೇತುವೆ ಮೇಲೇರುತ್ತದೆ. ದೀಪಾವಳಿ ಕಳೆದ ಮೇಲೆ ಹಸುಯಿಯ ಹಿಮ, ಶಿವರಾತ್ರಿಯ ಹೊತ್ತಿಗೆ ಪ್ಲಮ್ ಕೊಂಬೆ. ಉಳಿದ ಹಾಳೆಗಳು ಬೀರುವಿನ ಮೇಲ್ತಟ್ಟಿನಲ್ಲಿ, ಆಮ್ಲರಹಿತ ಕಾಗದದ ನಡುವೆ, ಚಪ್ಪಟೆಯಾಗಿ, ಕತ್ತಲಲ್ಲಿ ಮಲಗಿರುತ್ತವೆ.